ಡೂಪ್ಲಿಕೇಟು ಬೇರೆ, ಸೆಕೆಂಡ್ ಹ್ಯಾಂಡು ಬೇರೆ

2000ದ ದಶಕದಲ್ಲಿ ನಮ್ಮ ಕಡೆಯ ಕೊಳ್ಳೇಗಾಲದಲ್ಲಾಗಲಿ ಹನೂರಿನಲ್ಲಾಗಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡ ಅಂಗಡಿಯಲ್ಲಿ ‘ಜಿಟಿಎ ವೈಸ್ ಸಿಟಿ’ ಇಲ್ಲದಿದ್ದರೆ ಹುಡುಗರು ಅದನ್ನು ಸೈಬರ್ ಸೆಂಟರ್ ಅಂತಲೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಮೆರಿಕದ ರಾಕ್‌ಸ್ಟಾರ್ ಕಂಪನಿ 2002ರಲ್ಲಿ ಹೊರತಂದ ಆಟ ಅದು. ಕಾರು ಕದ್ದು ಓಡಿಸುವ ಆಟವನ್ನು ಕದ್ದ ಪ್ರತಿಯಲ್ಲೇ ಆಡುತ್ತಿದ್ದರು ಎಂಬುದರಲ್ಲಿ ಒಂದು ತಮಾಷೆ ಇದೆ, ಇರಲಿ. ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ನ್ಯಾಷನಲ್ ಮಾರ್ಕೆಟ್‌ನಿಂದಲೋ ಬಂದ ಒಂದು ಸಿ.ಡಿ. ಊರೆಲ್ಲ ಸುತ್ತಿ, ಗೀರು ಬಿದ್ದು, ಪೆನ್‌ಡ್ರೈವ್ ಬಂದ ಮೇಲಷ್ಟೇ ನಿವೃತ್ತಿಯಾಗುತ್ತಿತ್ತು. ಅದಕ್ಕೂ ಮೊದಲು ಟಿ.ವಿ.ಗೆ ಸಿಕ್ಕಿಸುವ ವಿಡಿಯೊ ಗೇಮ್ ಡಬ್ಬಗಳಿದ್ದವು. ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಕ್ಯಾಸೆಟ್ಟಿನ ಮೇಲೆ ‘9999999 ಇನ್ 1’ ಎಂಬ ಬರಹ, ಒಳಗೆ ಮಾರಿಯೊ, ಕಾಂಟ್ರಾ ಸೇರಿ ಬೆರಳೆಣಿಕೆಯ ಆಟಗಳೇ ಮತ್ತೆ ಮತ್ತೆ. ಅಸಲಿಯನ್ನು ಕಂಡವರೇ ಇಲ್ಲದ ಊರಿನಲ್ಲಿ ಇದು ನಕಲಿ ಎಂಬ ಮಾತಾದರೂ ಎಲ್ಲಿಂದ ಹುಟ್ಟಬೇಕು?

ಆ ಕಾಲದ ಬಗ್ಗೆ ಇಂದು ಎರಡು ಗಟ್ಟಿ ಅಭಿಪ್ರಾಯಗಳಿವೆ. ಒಂದು, ಗೇಮ್ ಮಾಡುವ ಕಂಪನಿಗಳದ್ದು ಮತ್ತು ಕಾನೂನಿನವರದ್ದು: ನಕಲು ಮಾಡಿದ ಪ್ರತಿಯೊಂದೂ ಕಳೆದುಹೋದ ಒಂದು ಮಾರಾಟ, ಆಡಿ ಮುಗಿಸಿದ ಡಿಸ್ಕನ್ನು ಮತ್ತೊಬ್ಬರಿಗೆ ಮಾರುವುದೂ ಅದರ ದಾಯಾದಿಯೇ, ಎರಡರಲ್ಲೂ ಗೇಮ್ ಮಾಡಿದವನ ಕೈಗೆ ಬರುವುದು ಸೊನ್ನೆ. ಇನ್ನೊಂದು, ನಮ್ಮ ಕಡೆಯಿಂದ ಓದಿ ಬೆಂಗಳೂರು ಸೇರಿದ ಬುದ್ಧಿವಂತ ಹುಡುಗರದ್ದು: ದುಡ್ಡೇ ಇಲ್ಲದವನು ಕೊಳ್ಳುತ್ತಿದ್ದನೇ? ಕೊಳ್ಳುವ ಅಂಗಡಿಯೇ ಇಲ್ಲದ ಕಡೆ ಕಳ್ಳತನ ಎಂದರೇನು? ಯಾರಿಗೂ ನಷ್ಟವಾಗಲಿಲ್ಲ.

ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನ ತಕರಾರು ಬೇರೆಯದು. ಹನೂರಿನ ಡೂಪ್ಲಿಕೇಟ್ ಸಿ.ಡಿ.ಯಿಂದ ರಾಕ್‌ಸ್ಟಾರ್‌ಗೆ ನಷ್ಟವಾಯಿತು ಎಂದು ನಾನೂ ನಂಬುವುದಿಲ್ಲ. ಆದರೆ ಯಾರಿಗೂ ನಷ್ಟವಾಗಲಿಲ್ಲ ಎಂಬುದನ್ನು ಒಪ್ಪಲಾರೆ. ನಷ್ಟವಾದದ್ದು ಇಲ್ಲೇ ಕೂತು ನಮ್ಮ ಭಾಷೆಯಲ್ಲಿ ಒಂದು ಆಟ ಕಟ್ಟಬಹುದಾಗಿದ್ದವನಿಗೆ. ಇನ್ನು ಸೆಕೆಂಡ್ ಹ್ಯಾಂಡ್ ಡಿಸ್ಕಿನ ವ್ಯಾಪಾರವನ್ನು ಡೂಪ್ಲಿಕೇಟಿನ ಪಕ್ಕದಲ್ಲಿ ನಿಲ್ಲಿಸುವುದು ಅನ್ಯಾಯ. ಅದು ಗೇಮ್ ಮಾಡುವವನ ಪರವಾಗಿ ನಿಂತ ವ್ಯಾಪಾರ.

ಮೊದಲು ನಷ್ಟದ ಲೆಕ್ಕ. 2013ರ ಏಪ್ರಿಲ್‌ನಲ್ಲಿ ಗ್ರೀನ್‌ಹಾರ್ಟ್ ಗೇಮ್ಸ್ ಎಂಬ, ಅಣ್ಣತಮ್ಮ ಇಬ್ಬರು ಕಟ್ಟಿದ ಪುಟ್ಟ ಕಂಪನಿ ‘ಗೇಮ್ ಡೆವ್ ಟೈಕೂನ್’ ಎಂಬ ಆಟವನ್ನು ಮಾರುಕಟ್ಟೆಗೆ ಬಿಟ್ಟಿತು. ಗೇಮ್ ತಯಾರಿಸುವ ಕಂಪನಿಯೊಂದನ್ನು ನಡೆಸುವುದೇ ಆ ಆಟದ ವಸ್ತು. ಅಣ್ಣತಮ್ಮ ಒಂದು ಕಿತಾಪತಿ ಮಾಡಿದರು. ಕಳ್ಳರು ಕದಿಯುವ ಮೊದಲು ತಾವೇ ಒಂದು ಪ್ರತಿಯನ್ನು ಟೊರೆಂಟ್‌ಗೆ ಏರಿಸಿದರು. ಆ ಪ್ರತಿಯಲ್ಲಿ ಮಾತ್ರ, ಆಟಗಾರ ಎಷ್ಟೇ ಒಳ್ಳೆಯ ಗೇಮ್ ಮಾಡಿದರೂ ಸ್ವಲ್ಪ ಹೊತ್ತಿಗೆಲ್ಲ ಜನ ಅದನ್ನು ಕದ್ದು ಆಡತೊಡಗಿ, ಅವನ ಕಂಪನಿ ದಿವಾಳಿಯಾಗುತ್ತದೆ. ಮೊದಲ ದಿನದ ಕೊನೆಗೆ ಲೆಕ್ಕ ನೋಡಿದರೆ ಕೊಂಡು ಆಡಿದವರು 214 ಮಂದಿ, ಆ ಕದ್ದ ಪ್ರತಿ ಆಡಿದವರು 3,104 ಮಂದಿ. ಅದಕ್ಕಿಂತ ಸ್ವಾರಸ್ಯ ಮುಂದಿನದು. ಕದ್ದು ಆಡಿದವರಲ್ಲಿ ಕೆಲವರು, ‘ನಾನು ಕಷ್ಟಪಟ್ಟು ಮಾಡಿದ ಗೇಮನ್ನು ಜನ ಯಾಕೆ ಹೀಗೆ ಕದಿಯುತ್ತಾರೆ, ಇದನ್ನು ತಡೆಯುವುದು ಹೇಗೆ’ ಎಂದು ಸಂಕಟದಿಂದ ಸಲಹೆ ಕೇಳತೊಡಗಿದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ನೋಡಿ 3,104 ಮಾರಾಟ ಹೋಯಿತು ಎನ್ನುತ್ತಾರೆ. ಅಷ್ಟು ಸಲೀಸಾಗಿ ಹೇಳಲಾಗದು. ಯುರೋಪಿಯನ್ ಕಮಿಷನ್ ದುಡ್ಡು ಕೊಟ್ಟು ಮಾಡಿಸಿದ, 2015ರಲ್ಲಿ ಮುಗಿದರೂ 2017ರವರೆಗೆ ಹೊರಗೆ ಬಾರದೇ ಇದ್ದ ಒಂದು ದೊಡ್ಡ ಅಧ್ಯಯನದಲ್ಲಿ, ಹೊಸ ಸಿನಿಮಾಗಳಿಗೆ ಪೈರಸಿಯಿಂದ ಏಟು ಬೀಳುವುದು ಕಂಡಿತಾದರೂ ಗೇಮುಗಳ ವಿಷಯದಲ್ಲಿ ಅಂಥದ್ದು ಕಾಣಲಿಲ್ಲ. ಕದ್ದು ಆಡಿದವರು ಮುಂದೆ ಕೊಂಡು ಆಡುವ ಕಡೆಗೇ ಅಂಕಿಗಳು ವಾಲಿದವು. ಇನ್ನೊಂದು ಪಕ್ಕದಿಂದ, 2024ರಲ್ಲಿ ಪ್ರಕಟವಾದ ವಿಲಿಯಂ ವೋಲ್ಕ್‌ಮನ್ ಅವರ ಅಧ್ಯಯನ ನಕಲು ತಡೆಯುವ ‘ಡೆನುವೊ’ ಎಂಬ ಬೀಗ ಹಾಕಿದ ಗೇಮುಗಳನ್ನು ತೂಗಿ ನೋಡಿತು. ಬಿಡುಗಡೆಯಾದ ಮೊದಲ ವಾರದಲ್ಲೇ ಬೀಗ ಒಡೆದರೆ ಒಟ್ಟು ಆದಾಯದಲ್ಲಿ ಸರಾಸರಿ ಶೇ 20ರಷ್ಟು ಹೋಗುತ್ತದೆ, ಹನ್ನೆರಡು ವಾರ ಕಳೆದ ಮೇಲೆ ಒಡೆದರೆ ಹೆಚ್ಚುಕಡಿಮೆ ಏನೂ ಹೋಗುವುದಿಲ್ಲ. ಅಂದರೆ ಏಟು ಬೀಳುವುದು ನಿಜ, ಬೀಳುವುದು ಬಿಸಿಬಿಸಿಯಾಗಿ ಕೊಳ್ಳುವ ಜನರಿರುವ ಕಡೆ. ಬಿಡುಗಡೆಯಾಗಿ ವರ್ಷ ಕಳೆದ ಮೇಲೆ ಗೀರು ಬಿದ್ದ ಸಿ.ಡಿ.ಯಲ್ಲಿ ಆಡಿದ ಹನೂರಿನ ಹುಡುಗ ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಅವನನ್ನು ಜೈಲಿಗೆ ಹಾಕಲು ಮಾತ್ರ ಕಾನೂನು ಬೇಕಾದಷ್ಟಿದೆ. ಕಾಪಿರೈಟ್ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಶಿಕ್ಷೆ. ಅದು ಸಾಲದೆಂದು ನಮ್ಮ ರಾಜ್ಯ 2014ರಲ್ಲಿ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು, ವ್ಯಾಪಾರಕ್ಕಾಗಿ ಸಾಫ್ಟ್‌ವೇರ್ ನಕಲು ಮಾಡುವವರನ್ನೂ ಅದರೊಳಗೆ ಸೇರಿಸಿತು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಐದು ರೂಪಾಯಿಗೆ ಮೆಮೊರಿ ಕಾರ್ಡಿಗೆ ಗೇಮ್ ಹಾಕಿಕೊಡುವ ಮೊಬೈಲ್ ಅಂಗಡಿಯವನೂ ಭೂಗಳ್ಳನೂ ಒಂದೇ ಕಾಯ್ದೆಯಡಿ ಬರುವುದು ನನಗಂತೂ ವಿವೇಕ ಅನ್ನಿಸಿಲ್ಲ. ನಾನು ಹೇಳುತ್ತಿರುವ ನಷ್ಟ ಪೊಲೀಸರಿಂದ ವಸೂಲಾಗುವಂಥದ್ದಲ್ಲ.

ಆ ನಷ್ಟ ಯಾವುದು? ಹತ್ತು ಜನ ಸೇರಿ ಎರಡು ವರ್ಷ ಕೂತು ಒಂದು ಕನ್ನಡ ಗೇಮ್ ಮಾಡುತ್ತಾರೆ ಎಂದುಕೊಳ್ಳಿ. ತಲೆಗೆ ತಿಂಗಳಿಗೆ 30,000 ರೂಪಾಯಿ ಸಂಬಳ. ಬೆಂಗಳೂರಿನ ಲೆಕ್ಕದಲ್ಲಿ ಅರೆಹೊಟ್ಟೆ. ಬಾಡಿಗೆ, ಕರೆಂಟು, ಕಂಪ್ಯೂಟರ್ ಬಿಟ್ಟೇ 72 ಲಕ್ಷ ಆಯಿತು. ಆಟಕ್ಕೆ 200 ರೂಪಾಯಿ ಬೆಲೆ ಇಟ್ಟರೆ, ಸ್ಟೀಮ್‌ನಂಥ ಆನ್‌ಲೈನ್ ಅಂಗಡಿ ಅದರಲ್ಲಿ ಶೇ 30 ಹಿಡಿದುಕೊಂಡು, ತೆರಿಗೆಯ ಮಾತು ಬಿಟ್ಟರೂ ಕೈಗೆ ಬರುವುದು 140. ಹಾಕಿದ ದುಡ್ಡು ವಾಪಸಾಗಲು ಐವತ್ತು ಸಾವಿರಕ್ಕೂ ಮಿಕ್ಕಿ ಪ್ರತಿ ಮಾರಬೇಕು. ಅದೇ ಹೊತ್ತಿನಲ್ಲಿ ಪಕ್ಕದ ಅಂಗಡಿಯಲ್ಲಿ, ಕೋಟಿ ಕೋಟಿ ಸುರಿದು ಮಾಡಿದ ವೈಸ್ ಸಿಟಿ ಪುಕ್ಕಟೆ. ಈ 200 ರೂಪಾಯಿಯ ಬಡ ಆಟವನ್ನು ಯಾರು ಮೂಸಿ ನೋಡುತ್ತಾರೆ? ನಕಲಾದದ್ದು ದೊಡ್ಡವರ ಗೇಮು, ಅಂಗಡಿ ತೆರೆಯುವ ಮೊದಲೇ ಬಾಗಿಲು ಹಾಕಿದ್ದು ಸಣ್ಣವನದು. ತನ್ನ ಗೇಮನ್ನು ಯಾರೂ ಕದಿಯದೇ ಇದ್ದರೂ ಅವನು ಪೈರಸಿಯಿಂದಲೇ ಸೋತ. ಗೇಮ್ ಎಂದರೆ ದುಡ್ಡು ಕೊಡುವ ವಸ್ತು ಎಂಬ ರೂಢಿಯೇ ಊರಿನಲ್ಲಿ ಬೆಳೆಯಲಿಲ್ಲ.

ಇದಕ್ಕೆ ಬರುವ ಉತ್ತರ ಗೊತ್ತಿದೆ: ಆ ಕದ್ದ ಆಟಗಳಿಂದಲೇ ನಮ್ಮವರು ಕಂಪ್ಯೂಟರ್ ಕಲಿತರಲ್ಲ. ನಿಜ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಶುರು ಮಾಡಿದರು. ದೇಶದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲಿ ಅದೊಂದು. 2019ರಲ್ಲಿ ಅದನ್ನು 79 ಲಕ್ಷ ಡಾಲರ್‌ಗೆ ಕೊಂಡು ತನ್ನ ಬೆಂಗಳೂರಿನ ಸ್ಟುಡಿಯೊಗೆ ಸೇರಿಸಿಕೊಂಡದ್ದು ಬೇರೆ ಯಾರೂ ಅಲ್ಲ, ಅದೇ ರಾಕ್‌ಸ್ಟಾರ್. ವೈಸ್ ಸಿಟಿಯನ್ನು ಕದ್ದು ಆಡಿದ ತಲೆಮಾರಿನವರು ಇವತ್ತು ಅದೇ ಕಂಪನಿಯಲ್ಲಿ ಸಂಬಳಕ್ಕೆ ಕೂತಿದ್ದಾರೆ ಎಂದರೆ ಅದು ಸೇಡೋ ಆಶೀರ್ವಾದವೋ ಹೇಳುವುದು ಕಷ್ಟ. ಆದರೆ ಧ್ರುವ ಇಪ್ಪತ್ತು ವರ್ಷ ಬದುಕಿದ್ದು ಹೇಗೆ ಎಂಬುದನ್ನು ನೋಡಬೇಕು. ಹೊರದೇಶದ ಕಂಪನಿಗಳ ಗೇಮಿಗೆ ಚಿತ್ರ, ಕಾರು, ಕಟ್ಟಡ ಬಿಡಿಸಿಕೊಟ್ಟು. ಮನೆಯ ಗಿರಾಕಿ ದುಡ್ಡು ಕೊಡದಿದ್ದರೆ ಯಾವ ಸ್ಟುಡಿಯೊಗಾದರೂ ಉಳಿಯುವ ದಾರಿ ಹೊರಗಿನವರ ಕೂಲಿಯೇ. ಪೈರಸಿ ನಮಗೆ ಕೆಲಸಗಾರರನ್ನು ಕೊಟ್ಟಿತು. ಕಥೆ ಹೇಳುವ ಯಜಮಾನಿಕೆ ಕೊಡಲಿಲ್ಲ.

ಚೀನಾದ ಉದಾಹರಣೆ ಇನ್ನೂ ಖಾರವಾಗಿದೆ. ಅಲ್ಲಿ ಡೂಪ್ಲಿಕೇಟಿನ ಹಾವಳಿ ನಮಗಿಂತ ಜೋರು; ಮೇಲಾಗಿ 2000ದಿಂದ ಸುಮಾರು ಹದಿನಾಲ್ಕು ವರ್ಷ ಟಿ.ವಿ. ಗೇಮ್ ಯಂತ್ರಗಳ ಮಾರಾಟಕ್ಕೇ ನಿಷೇಧವಿತ್ತು. ಅಲ್ಲಿನ ಗೇಮ್ ಉದ್ಯಮ ಸಾಯಲಿಲ್ಲ, ರೂಪ ಬದಲಿಸಿತು. ಪ್ರತಿ ಮಾರಿದರೆ ಕದಿಯುತ್ತಾರೆ. ಆದ್ದರಿಂದ ಪ್ರತಿಯನ್ನು ಪುಕ್ಕಟೆ ಕೊಡು, ಆಟವನ್ನು ಸರ್ವರ್ ಮೇಲೆ ಇಟ್ಟುಕೋ, ಒಳಗೆ ಕೂತವರಿಂದ ಕತ್ತಿಗೆ, ಅಂಗಿಗೆ, ಅದೃಷ್ಟಕ್ಕೆ ದುಡ್ಡು ಕೀಳು. ಟೆನ್ಸೆಂಟ್, ನೆಟ್‌ಈಸ್ ಕಂಪನಿಗಳು ದೈತ್ಯರಾಗಿ ಬೆಳೆದದ್ದು ಈ ದಾರಿಯಲ್ಲಿ. ಆರಂಭ, ನಡು, ಕೊನೆ ಇರುವ ಕಥೆಯಾಟ ಹಿಂದೆ ಬಿತ್ತು, ಮುಗಿಯದ ಆಟ ಮುಂದೆ ಬಂತು. ತಮ್ಮದೇ ಪುರಾಣದ ಕಪಿವೀರನ ಕಥೆಯನ್ನು ‘ಬ್ಲ್ಯಾಕ್ ಮಿತ್: ವುಕಾಂಗ್’ ಎಂಬ ಭಾರೀ ಆಟವಾಗಿ ಕಟ್ಟಿ, ಜನ ದುಡ್ಡು ಕೊಟ್ಟು ಕೊಳ್ಳುವಂತೆ ಮಾಡಲು ಅವರಿಗೆ 2024ರವರೆಗೆ ಬೇಕಾಯಿತು. ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಹೋಯಿತು.

ನಮ್ಮಲ್ಲೂ ಅದೇ ತಿರುವು ಬಂತು, ಇನ್ನೂ ಕೆಟ್ಟದಾಗಿ. 2016ರಲ್ಲಿ ಜಿಯೊ ಬಂದ ಮೇಲೆ ಹನೂರಿನ ಸುತ್ತಲಿನ ರಾಮಾಪುರ, ಕೌದಳ್ಳಿ, ಲೊಕ್ಕನಹಳ್ಳಿಯ ಹುಡುಗರ ಕೈಗೂ ಗೇಮ್ ಬಂತು. ಬಂದದ್ದು ಲೂಡೊ, ತೀನ್ ಪತ್ತಿ, ಪಬ್‌ಜಿ, ರಮ್ಮಿ. ಎಲ್ಲವೂ ಇಳಿಸಿಕೊಳ್ಳಲು ಪುಕ್ಕಟೆ. ಒಂದು ಆಟಕ್ಕೆ 200 ರೂಪಾಯಿ ಕೊಡುವುದು ದಂಡ ಎನ್ನುವ ಮನೆಯಲ್ಲೇ ರಮ್ಮಿಗೆ ಸಾವಿರಗಟ್ಟಲೆ ಹೋದದ್ದೂ ಉಂಟು. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಇಂಥ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ಕೊನೆಗೆ 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ತಂದಿತು. ಇದೆಲ್ಲಕ್ಕೂ ಪೈರಸಿಯೇ ಕಾರಣ ಎಂದರೆ ಅತಿಯಾದೀತು. ಆದರೆ ನೇರ ಬೆಲೆ ಕೊಡುವ ಅಭ್ಯಾಸವಿಲ್ಲದ ಮಾರುಕಟ್ಟೆಯಲ್ಲಿ ಅಡ್ಡದಾರಿಯ ಬೆಲೆಯೇ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಹನೂರಿನ ಮಣ್ಣಿನಲ್ಲಿ ಆಟಕ್ಕೆ ಕಥೆಯ ಬರವಿದೆಯೇ? ಹುಲಿ ಏರಿದ ನಾಯಕ ಮಾದಪ್ಪ, ಎಪ್ಪತ್ತೇಳು ಮಲೆ, ಬಂಕಾಪುರಿಯ ಶ್ರವಣದೊರೆ, ಸಂಕಮ್ಮ, ಇಕ್ಕೇರಿ ದೇವಮ್ಮ. ಕಪಿವೀರನಿಗೆ ಮಾದಪ್ಪ ಯಾವುದರಲ್ಲಿ ಕಡಿಮೆ? ಇಲ್ಲಿ ಒಬ್ಬ ಜಾಣ ಎದ್ದು ನಿಂತು ಕೇಳಬಹುದು: ಮಾದಪ್ಪನ ಕಥೆಗೇ ಯಾರ ಕಾಪಿರೈಟೂ ಇಲ್ಲ, ಶತಮಾನಗಳಿಂದ ಬಾಯಿಂದ ಬಾಯಿಗೆ ನಕಲಾಗಿಯೇ ಉಳಿದಿದೆ, ನಕಲಾದದ್ದರಿಂದಲೇ ಉಳಿದಿದೆ, ಗೇಮಿಗೆ ಮಾತ್ರ ಯಾಕೆ ಬೇಲಿ? ಪ್ರಶ್ನೆ ಚೆನ್ನಾಗಿದೆ. ಕಂಸಾಳೆ ಹಿಡಿದ ದೇವರಗುಡ್ಡರು ಹಾಡಿಗೆ ಬೆಲೆ ಕಟ್ಟಲಿಲ್ಲ ನಿಜ. ಆದರೆ ಅವರನ್ನು ಮನೆಗೆ ಕರೆಸಿ ರಾತ್ರಿಯಿಡೀ ಕಥೆ ಮಾಡಿಸಿದ ಒಕ್ಕಲು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ದವಸ ಕೊಟ್ಟರು, ಕಾಣಿಕೆ ಕೊಟ್ಟರು, ಊಟ ಇಕ್ಕಿದರು. ಹಾಡು ಎಷ್ಟೇ ನಕಲಾದರೂ ಆ ರಾತ್ರಿ ನಕಲಾಗುತ್ತಿರಲಿಲ್ಲ. ಬೆಟ್ಟದ ಜಾತ್ರೆಯ ಅಂಗಡಿಯಲ್ಲಿ ಮಾದಪ್ಪನ ಕ್ಯಾಸೆಟ್ಟಿನ ಡೂಪ್ಲಿಕೇಟ್ ಕೊಂಡವನೂ ಮನೆಯಲ್ಲಿ ಕಥೆ ಮಾಡಿಸಬೇಕೆಂದರೆ ಹಾಡುವವರನ್ನೇ ಕರೆಯಬೇಕಿತ್ತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಇಡೀ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿ ಪುಸ್ತಕವಾಗಿ ತಂದ ಮೇಲೂ ಹಾಡುಗಾರರ ಅಗತ್ಯ ಮುಗಿಯಲಿಲ್ಲ. ಗೇಮ್ ಕಟ್ಟುವವನಿಗೆ ಅಂಥ ರಾತ್ರಿಯಿಲ್ಲ. ಅವನ ದುಡಿಮೆಯೆಲ್ಲ ಮೊದಲೇ ಮುಗಿದು ಪ್ರತಿಯೊಳಗೆ ಸೇರಿಹೋಗಿರುತ್ತದೆ. ಆ ಪ್ರತಿಗೆ ಯಾರಾದರೂ ಒಮ್ಮೆ ಬೆಲೆ ಕೊಡಲೇಬೇಕು.

ಒಮ್ಮೆ ಎಂದೆ. ಸೆಕೆಂಡ್ ಹ್ಯಾಂಡಿನ ಮಾತು ಬರುವುದು ಇಲ್ಲೇ.

ಹನೂರಿನಲ್ಲಿ ಟಿವಿಎಸ್ ಎಕ್ಸೆಲ್ ಕೊಳ್ಳಲು ಹೋದವನು ಶೋರೂಮಿನಲ್ಲಿ ನಿಂತೇ ‘ನಾಳೆ ಮಾರುದ್ರ ಎಷ್ಟ್ ಬಂದದು?’ ಎಂದು ಲೆಕ್ಕ ಹಾಕುತ್ತಾನೆ. ಆ ಲೆಕ್ಕ ಹೊಂದಿದರೇ ಹೊಸ ಗಾಡಿಗೆ ಕೈಹಾಕುವುದು. ಗೇಮ್ ಡಿಸ್ಕಿನದೂ ಅಷ್ಟೆ. ಪ್ಲೇಸ್ಟೇಷನ್ 5ರ ಒಂದು ಹೊಸ ದೊಡ್ಡ ಗೇಮಿಗೆ 4,999 ರೂಪಾಯಿ ಎಂದಿಟ್ಟುಕೊಳ್ಳಿ. ಮೈಸೂರಿನ ಒಬ್ಬ ಹುಡುಗ ಅದನ್ನು ಕೊಂಡು, ಆಡಿ ಮುಗಿಸಿ, 3,500ಕ್ಕೆ ಇನ್ನೊಬ್ಬನಿಗೆ ದಾಟಿಸಿದ ಅಂದುಕೊಳ್ಳೋಣ. ಅವನಿಂದ ಅದು 2,000ಕ್ಕೆ ಕೊಳ್ಳೇಗಾಲಕ್ಕೆ ಬಂತು. ಮೇಲ್ನೋಟಕ್ಕೆ ಕಂಪನಿಗೆ ಸಿಕ್ಕಿದ್ದು ಒಬ್ಬನ ದುಡ್ಡು. ಬಿಡಿಸಿ ನೋಡಿದರೆ ಆ 4,999ರಲ್ಲಿ ಮೊದಲನೆಯವನದು 1,499, ಎರಡನೆಯವನದು 1,500, ಕೊಳ್ಳೇಗಾಲದವನದು 2,000. ಮೂವರ ಜೇಬಿನಿಂದ ಸೇರಿಸಿ ಕೊಟ್ಟ ಬೆಲೆ ಅದು. ಮುಂದೆ ಮಾರಬಹುದೆಂಬ ಧೈರ್ಯವಿಲ್ಲದಿದ್ದರೆ ಮೊದಲನೆಯವನೇ 4,999 ಬಿಚ್ಚುತ್ತಿರಲಿಲ್ಲ. ಜೊತೆಗೆ ಕೊಳ್ಳೇಗಾಲದವನು ಡೂಪ್ಲಿಕೇಟಿಗೆ ಹೋಗದೆ, ಗೇಮಿಗೆ ದುಡ್ಡು ಕೊಡುವವನಾದ. ಈ ಎರಡನೆಯದೇ ಮುಖ್ಯ.

ಕಂಪನಿಗಳು ಇದನ್ನು ಹೀಗೆ ನೋಡಲಿಲ್ಲ. 2010ರಲ್ಲಿ ಟಿಎಚ್‌ಕ್ಯೂ ಎಂಬ ಅಮೆರಿಕದ ಕಂಪನಿಯ ಒಬ್ಬ ಅಧಿಕಾರಿ, ಹಳೆಯ ಡಿಸ್ಕ್ ಕೊಂಡರೆ ನಮಗೆ ಮೋಸವಾದಂತೆ ಎಂದು ಬಹಿರಂಗವಾಗಿಯೇ ಹೇಳಿದರು. ಆ ಕಂಪನಿ 2012ರ ಕೊನೆಗೆ ದಿವಾಳಿಯಾಯಿತು; ದೊಡ್ಡ ಪೆಟ್ಟು ಕೊಟ್ಟದ್ದು ಹಳೆಯ ಡಿಸ್ಕಲ್ಲ, ಅದೇ ತಯಾರಿಸಿ ಮಾರಲಾಗದೆ ಗೋದಾಮಿನಲ್ಲಿ ಉಳಿದ ಚಿತ್ರ ಬಿಡಿಸುವ ಹಲಗೆ. ಇಎ ಕಂಪನಿ 2010ರಲ್ಲಿ ಹಳೆಯ ಡಿಸ್ಕ್ ಕೊಂಡವರಿಗೆ ಹತ್ತು ಡಾಲರಿನ ‘ಆನ್‌ಲೈನ್ ಪಾಸ್’ ಕಟ್ಟಿತು, ಮೂರು ವರ್ಷಕ್ಕೆ ತಾನೇ ಕೈಬಿಟ್ಟಿತು. ಮೈಕ್ರೊಸಾಫ್ಟ್ 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ತರುವಾಗ ಡಿಸ್ಕನ್ನು ಮಾರುವುದಕ್ಕೂ ಗೆಳೆಯನಿಗೆ ಕೊಡುವುದಕ್ಕೂ ಷರತ್ತು ಹಾಕಲು ಹೊರಟು, ಜನ ತಿರುಗಿಬಿದ್ದ ಮೇಲೆ ತಿಂಗಳಾಗುವುದರೊಳಗೆ ಹಿಂದೆ ಸರಿಯಿತು. ಜಪಾನಿನಲ್ಲಂತೂ ಗೇಮ್ ಕಂಪನಿಗಳು ಹಳೆಯ ಡಿಸ್ಕಿನ ಅಂಗಡಿಗಳನ್ನು ಸುಪ್ರೀಂ ಕೋರ್ಟಿನವರೆಗೆ ಎಳೆದವು. 2002ರ ಏಪ್ರಿಲ್‌ನಲ್ಲಿ ತೀರ್ಪು ಅಂಗಡಿಗಳ ಪರ ಬಂತು.

ಎದುರು ವಾದಕ್ಕೂ ನ್ಯಾಯ ಸಲ್ಲಬೇಕು. ಅದೇ ಜಪಾನಿನ ಮಾರುಕಟ್ಟೆಯನ್ನು ಲೆಕ್ಕಕ್ಕಿಟ್ಟ ಇಶಿಹಾರ ಮತ್ತು ಚಿಂಗ್ ಎಂಬ ಇಬ್ಬರು ವಿದ್ವಾಂಸರ ಪ್ರಕಾರ, ಹಳೆಯ ಡಿಸ್ಕಿನ ವ್ಯಾಪಾರವನ್ನು ಪೂರಾ ನಿಲ್ಲಿಸಿ ಬೆಲೆಯನ್ನು ಮಾತ್ರ ಇದ್ದಂತೆ ಇಟ್ಟರೆ ಕಂಪನಿಯ ಲಾಭ ಶೇ 10ರಷ್ಟು ಇಳಿಯುತ್ತದೆ. ಬೆಲೆಯನ್ನು ತಕ್ಕಂತೆ ಬದಲಿಸಿದರೆ ಶೇ 19ರಷ್ಟು ಏರುತ್ತದೆ. ಹಾಗಾದರೆ ಸೆಕೆಂಡ್ ಹ್ಯಾಂಡ್ ಮುಚ್ಚುವ ಕಂಪನಿ ಬೆಲೆ ಇಳಿಸುವುದರಲ್ಲೂ ಅಷ್ಟೇ ಉತ್ಸಾಹ ತೋರಿಸಬೇಕಿತ್ತು. ಡಿಸ್ಕ್ ಹಾಕುವ ಕಿಂಡಿಯೇ ಇಲ್ಲದ ಪ್ಲೇಸ್ಟೇಷನ್ 5 ಬಂದು ವರ್ಷಗಳಾದವು. ದೊಡ್ಡ ಹೊಸ ಗೇಮಿಗೆ ಆನ್‌ಲೈನಿನಲ್ಲೂ ಹೆಚ್ಚುಕಡಿಮೆ ಡಿಸ್ಕಿನದೇ ಬೆಲೆ. ನಮ್ಮ ಮನೆಗಳಲ್ಲಿ ಅಣ್ಣನ ಸೈಕಲ್ಲು, ಅಣ್ಣನ ಫೋನು, ಅಣ್ಣನ ಪಠ್ಯಪುಸ್ತಕ ತಮ್ಮನಿಗೆ ಇಳಿಯುತ್ತವೆ. ಅಣ್ಣ ಆನ್‌ಲೈನಿನಲ್ಲಿ ಕೊಂಡ ಗೇಮ್ ಮಾತ್ರ ಅವನ ಅಕೌಂಟಿಗೆ ಅಂಟಿಕೊಂಡೇ ಇರುತ್ತದೆ, ಮಾರುವಂತಿಲ್ಲ. ಸ್ಟೀಮ್ 2015ರಿಂದ ರೂಪಾಯಿಯಲ್ಲಿ ಬೆಲೆ ಹಾಕಿದೆ, ಯುಪಿಐ ಹಳ್ಳಿಗೂ ಬಂದಿದೆ, ಅಂಗಡಿಯೇ ಇಲ್ಲ ಎಂಬ ನಮ್ಮ ಹುಡುಗರ ಹಳೆಯ ನೆಪ ಸವೆದಿದೆ. ಆದರೂ ಬೀಗ ಒಡೆದ ‘ಕ್ರ್ಯಾಕ್’ ಪ್ರತಿ ಹುಡುಕುವ ಚಾಳಿ ನಿಂತಿಲ್ಲ ಎಂದರೆ, ಅದರಲ್ಲಿ ಪುಕ್ಕಟೆಯ ಆಸೆಯ ಜೊತೆಗೆ ಈ ಕಿಂಡಿ ಮುಚ್ಚಿದವರ ಪಾಲೂ ಇದೆ.

ಸರ್ಕಾರ ಏನು ಮಾಡಬಹುದು? ಗೇಮು, ಅನಿಮೇಷನ್ನಿಗೆಂದೇ ಕರ್ನಾಟಕ 2012ರಲ್ಲೇ ಒಂದು ನೀತಿ ತಂದಿತ್ತು, 2024ರಿಂದ 2029ರವರೆಗಿನ ಹೊಸದೊಂದು ಈಗ ಜಾರಿಯಲ್ಲಿದೆ. ತರಬೇತಿ, ಉದ್ಯೋಗದ ಮಾತು ಅದರಲ್ಲಿ ಧಾರಾಳ. ಕೊಳ್ಳುವವನ ಚಿಂತೆ ಯಾರಿಗೂ ಇದ್ದಂತಿಲ್ಲ. ಆದರೆ ಇದೇ ಸರ್ಕಾರ ಕನ್ನಡ ಪುಸ್ತಕವನ್ನು ದಶಕಗಳಿಂದ ಗ್ರಂಥಾಲಯಗಳಿಗೆ ಸಗಟಾಗಿ ಕೊಳ್ಳುತ್ತಿದೆ. ಒಂದು ಪ್ರತಿ, ನೂರು ಓದುಗರು. ಓದಿದವನನ್ನು ಯಾರೂ ಕಳ್ಳ ಅನ್ನುವುದಿಲ್ಲ, ಪ್ರಕಾಶಕ ಅಂಗಡಿ ಮುಚ್ಚುವುದಿಲ್ಲ. ಆಯ್ಕೆಯ ಬಗ್ಗೆ ಜಗಳ, ಬಾಕಿ ಬಿಲ್ಲಿನ ಗೋಳು ಇದ್ದದ್ದೇ. ರಾಜ್ಯದಲ್ಲಿ 5,900ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿವೆ, ಅವುಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, ಹಲವಕ್ಕೆ ಕಂಪ್ಯೂಟರೂ ಬಂದಿದೆ. ಅದರಲ್ಲಿ ಎರಡು ಸಾವಿರ ಕೇಂದ್ರಗಳು ಒಂದು ಕನ್ನಡ ಗೇಮನ್ನು, ಹಲವರು ಆಡಬಹುದಾದ ಪ್ರತಿಯನ್ನು, ತಲಾ 500 ರೂಪಾಯಿಗೆ ಕೊಂಡರೆ ಹತ್ತು ಲಕ್ಷ. ಆ ಹತ್ತು ಜನರ 72 ಲಕ್ಷದಲ್ಲಿ ಸುಮಾರು ಏಳನೇ ಒಂದು ಪಾಲು, ಮಾರುಕಟ್ಟೆಗೆ ಕಾಲಿಡುವ ಮೊದಲೇ ಕೈಗೆ ಬಂದಂತೆ.